ಅರ್ಜಿದಾರ ನಂಬರ್ ಎರಡು

ರೂಪಾಲಿ ಟೀಚರು ಥೈರಾಯ್ಡ್ ತಪಾಸಣೆಗೆಂದು ಬೆಳಿಗ್ಗೆ ಎಂಟಕ್ಕೇ ಲ್ಯಾಬಿಗೆ ಬಂದಿದ್ದರು. ಗಡಿಯಾಚೆಯ ಮರಾಠಿ ಊರು ಉಮರ್ಗಾದ ಹೆದ್ದಾರಿಗೆ ಹತ್ತಿಕೊಂಡಿದ್ದ ಆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮನೀಷಾಳದು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ನರ ಸಿಗದವರಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಾಳೆಂದು ಸುತ್ತಲಿನ ಡಾಕ್ಟರರು ಚಿಕ್ಕ ಮಕ್ಕಳನ್ನೆಲ್ಲ ಇವಳ ಹತ್ತಿರವೇ ಕಳಿಸುತ್ತಿದ್ದರು. ಟೀಚರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಸೂಜಿ ಹಾಕಿ, ಟ್ಯೂಬಿನಲ್ಲಿ ರಕ್ತ ಏರತೊಡಗಿದ ಮೇಲೆ ಅವರು ಮೆಲ್ಲಗೆ, ನಿಮ್ಮ ಮಗಳು ಪ್ರಣಿತಾ ಈಗ ಹೇಗಿದ್ದಾಳೆ ಎಂದು ಕೇಳಿದರು.

ಚೆನ್ನಾಗಿದ್ದಾಳೆ, ಹತ್ತನೇ ತರಗತಿಯಲ್ಲವೇ, ಓದುತ್ತಾಳೆ ಎಂದು ಮನೀಷಾ ಹೇಳಿದಳು. ಟೀಚರು ಅವಳ ಮುಖವನ್ನೇ ನೋಡಿದರು.

"ಆಕಿ ನಿಮಗ ಏನೂ ಹೇಳಿಲ್ಲೇನ್ರಿ?"

ಮನೀಷಾ ಸೂಜಿ ತೆಗೆದು ಹತ್ತಿ ಒತ್ತಿ, ತೋಳು ಮಡಚಿ ಹಿಡಿಯಲು ಹೇಳಿದಳು. ಹೊರಗೆ ಇನ್ನೂ ಆರು ಜನ ಕಾದು ಕುಳಿತಿದ್ದರು. ಟೀಚರು ತೋಳು ಮಡಚಿಕೊಂಡೇ ನಡೆದದ್ದನ್ನು ಹೇಳಿದರು.

ಹಿಂದಿನ ವಾರ ತಮ್ಮ ಶಾಲೆಯಲ್ಲಿ ಒಂದು ಉಪನ್ಯಾಸ ಇಟ್ಟಿದ್ದರು. ಇಂಟರ್ನೆಟ್ಟನ್ನು ಮಕ್ಕಳು ಹುಷಾರಾಗಿ ಹೇಗೆ ಬಳಸಬೇಕೆಂದು ಹೇಳಲು ಶೈಲೇಶ ಎಂಬ ತರುಣ ಬಂದಿದ್ದ. ಒಳ್ಳೆಯ ಹುಡುಗ, ಮಕ್ಕಳನ್ನು ನಗಿಸುತ್ತ ಮಾತಾಡುತ್ತಿದ್ದ. ನಿಮ್ಮ ಬಗ್ಗೆ ಜಗತ್ತಿಗೆ ಏನೇನು ಗೊತ್ತಿದೆ ಎಂದು ನಿಮಗೆ ಗೊತ್ತೇ, ಯಾರಾದರೂ ತಮ್ಮ ಹೆಸರು ಹೇಳಿ, ಹುಡುಕಿ ತೋರಿಸುತ್ತೇನೆ ಎಂದಿದ್ದ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಪ್ರಣಿತಾ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡ ಫೋಟೋ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದು ಬರುತ್ತದೆಂದು ತಿಳಿದಿದ್ದಳು. ತಂದೆಯ ಹೆಸರು, ಅಡ್ಡಹೆಸರು ಸಮೇತ ಪೂರ್ತಿ ಹೆಸರನ್ನು ಅವಳೇ ಹೇಳಿದಳು: ಪ್ರಣಿತಾ ರವಿಕಾಂತ ಬಿರಾದಾರ. ಗೋಡೆಯ ಮೇಲಿನ ಪರದೆಯಲ್ಲಿ ಅಕ್ಷರಗಳು ಮೂಡಿದವು. ಫೋಟೋ ಬರಲಿಲ್ಲ. ಒಂದು ಕೋರ್ಟಿನ ತೀರ್ಪು ಬಂತು. ಮೂಲ ದಾವೆಯ ಅರ್ಜಿದಾರ ಒಂದು, ಮನೀಷಾ. ಅರ್ಜಿದಾರ ಎರಡು, ಪ್ರಣಿತಾ, ವಯಸ್ಸು ಎರಡು ವರ್ಷ. ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಈ ಮಗು ತನ್ನದಲ್ಲವೆಂದೂ, ಹೆಂಡತಿಯ ನಡತೆ ಸರಿಯಿರಲಿಲ್ಲವೆಂದೂ ಗಂಡ ಹೇಳಿದ್ದಾನೆ.

ಶೈಲೇಶ ಗಾಬರಿಯಾಗಿ ಪರದೆ ಆರಿಸಿದನಂತೆ. ಆದರೆ ಎಂಬತ್ತು ಮಕ್ಕಳಿದ್ದರು, ಇಂಗ್ಲಿಷ್ ಓದಲು ಬರುವವರೇ ಹೆಚ್ಚು. ಆತ ಆಮೇಲೆ ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕಣ್ಣಲ್ಲಿ ನೀರು ತಂದುಕೊಂಡು ಮಾಫಿ ಕೇಳಿದ.

"ಆಕಿ ಅಳಲಿಲ್ರಿ. ತನ್ನ ಜಾಗಾಕ್ಕ ಹೋಗಿ ಕುಂತಳು. ಅದಕ್ಕೇ ನನಗ ಅಂಜಿಕಿ ಬಂತು" ಎಂದರು ಟೀಚರು.

ಆ ದಿನ ಉಳಿದ ಆರು ಜನರಲ್ಲಿ ಇಬ್ಬರಿಗೆ ಮನೀಷಾ ಎರಡೆರಡು ಸಲ ಸೂಜಿ ಚುಚ್ಚಬೇಕಾಯಿತು.

ಮನೀಷಾಳದು ಔರಾದ ಶಹಾಜನಿಯ ತವರು. ತಂದೆ ಕಲ್ಯಾಣಪ್ಪನದು ಅಲ್ಲಿನ ಪೇಟೆಯಲ್ಲಿ ಕಾಳಿನ ವ್ಯಾಪಾರ. ನಿಲಂಗಾದ ಬಿರಾದಾರರ ಮನೆಗೆ ಅವಳನ್ನು ಕೊಟ್ಟಿದ್ದರು. ರವಿಕಾಂತ ಕೆಟ್ಟವನೇನಲ್ಲ, ಆದರೆ ತಾಯಿಯ ಮಾತಿಗೆ ಎದುರಾಡದವನು. ಮೂರು ವರ್ಷದಲ್ಲಿ ಎಷ್ಟು ಸಲ ತವರಿಗೆ ಕಳಿಸಿದರೋ, ಎಷ್ಟು ಸಲ ಹಿರಿಯರು ಕೂಡಿಸಿ ಮರಳಿ ಕರೆದೊಯ್ದರೋ. ಪ್ರಣಿತಾಗೆ ಹತ್ತು ತಿಂಗಳಿದ್ದಾಗ ಕಳಿಸಿದವರು ಮತ್ತೆ ಕರೆಯಲು ಬರಲಿಲ್ಲ. ಕಲ್ಯಾಣಪ್ಪ ಮಗಳ, ಮೊಮ್ಮಗಳ ಜೀವನಾಂಶಕ್ಕೆ ದಾವೆ ಹಾಕಿಸಿದ. ಅದಕ್ಕೆ ಉತ್ತರವಾಗಿ ರವಿಕಾಂತನ ವಕೀಲ ಬರೆದುಕೊಟ್ಟ ಕಾಗದದಲ್ಲಿ ಆ ಮಾತು ಬಂದಿತ್ತು. ತಾಲ್ಲೂಕಿನ ಕೋರ್ಟು ಅದನ್ನು ನಂಬಲಿಲ್ಲ. ರವಿಕಾಂತನ ಕಡೆಯವರು ದೊಡ್ಡ ಕೋರ್ಟಿಗೆ ಹೋದರು. ಅದೂ ನಂಬಲಿಲ್ಲ. ಹನ್ನೊಂದು ಪುಟದ ತೀರ್ಪಿನಲ್ಲಿ, ಆಧಾರವೇ ಇಲ್ಲದೆ ಹೆಂಡತಿಯ ಮೇಲೆ ಇಂಥ ಆರೋಪ ಮಾಡುವುದೇ ಒಂದು ಕ್ರೌರ್ಯ ಎಂದು ನ್ಯಾಯಮೂರ್ತಿಗಳು ಬರೆದರು. ಕಲ್ಯಾಣಪ್ಪ ಔರಾದದ ಪೇಟೆಯಲ್ಲೆಲ್ಲ ಪೇಢೆ ಹಂಚಿದ. ಅಲ್ಲಿಗೆ ಮುಗಿಯಿತೆಂದು ಮನೀಷಾ ಲ್ಯಾಬ್ ಕೋರ್ಸು ಮಾಡಿ, ಮಗಳನ್ನು ಕಟ್ಟಿಕೊಂಡು ಉಮರ್ಗಾಕ್ಕೆ ಬಂದಳು. ನಿನ್ನ ಅಪ್ಪನಿಗೂ ನನಗೂ ಹೊಂದಲಿಲ್ಲ ಎಂದಷ್ಟೇ ಮಗಳಿಗೆ ಹೇಳಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಧ್ಯಾಹ್ನ ಲ್ಯಾಬು ಖಾಲಿಯಾದಾಗ ಅವಳು ತನ್ನ ಫೋನಿನಲ್ಲಿ ಮಗಳ ಹೆಸರನ್ನು ಒತ್ತಿದಳು. ಎಲ್ಲಕ್ಕೂ ಮೇಲೆ, ಈಗ ಹೊಸದಾಗಿ ಬರುತ್ತದಲ್ಲ, ಯಂತ್ರವೇ ಓದಿ ಸಾರಾಂಶ ಹೇಳುವುದು, ಅದು ಶುದ್ಧ ಮರಾಠಿಯಲ್ಲಿ ಬಂದಿತ್ತು. ಪ್ರಣಿತಾ ಬಿರಾದಾರ ಎಂಬ ಹೆಸರು ಒಂದು ಕೌಟುಂಬಿಕ ಪ್ರಕರಣದಲ್ಲಿ ಇದೆ, ಅದರಲ್ಲಿ ಪಿತೃತ್ವದ ಬಗ್ಗೆ ಸಂಶಯ ವ್ಯಕ್ತಪಡಿಸಲಾಗಿದೆ. ಕೋರ್ಟು ಏನು ಹೇಳಿತೆಂಬ ಮಾತು ಅದರಲ್ಲಿರಲಿಲ್ಲ. ಕೆಳಗಿದ್ದದ್ದು ತೀರ್ಪುಗಳನ್ನು ಕೂಡಿಸಿಡುವ ಒಂದು ಖಾಸಗಿ ತಾಣದ ಪುಟ. ಒತ್ತಿದರೆ ಹನ್ನೊಂದೂ ಪುಟ ತೆರೆದುಕೊಳ್ಳುತ್ತಿತ್ತು. ಒತ್ತದವರಿಗೆ ಎರಡು ಸಾಲು ಕಾಣುತ್ತಿತ್ತು, ಆ ಎರಡು ಸಾಲು ಮೂರನೆಯ ಪುಟದವು. ಕ್ರೌರ್ಯದ ಮಾತಿದ್ದದ್ದು ಹತ್ತನೆಯ ಪುಟದಲ್ಲಿ.

ಸಂಜೆ ಮನೆಗೆ ಬಂದು ಅವಳು ಟ್ರಂಕಿನೊಳಗಿಂದ ತೀರ್ಪಿನ ಪ್ರತಿ ತೆಗೆದಳು. ಪ್ರಣಿತಾ ನೆಲದ ಮೇಲೆ ಕುಳಿತು ರೇಖಾಗಣಿತದ ಲೆಕ್ಕ ಬಿಡಿಸುತ್ತಿದ್ದಳು. ಟೀಚರು ಹೇಳಿದರು ಎಂದು ಮನೀಷಾ ಹೇಳಿ, ಪ್ರತಿಯನ್ನು ಅವಳ ಮುಂದಿಟ್ಟಳು. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಕೇಳು ಎಂದಳು. ಹುಡುಗಿ ಒಂದು ತಾಸು ಓದಿದಳು. ಅರ್ಥವಾಗದ ಶಬ್ದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ನಿಘಂಟು ತೆಗೆದು ನೋಡಿದಳು. ಪರೀಕ್ಷೆಯ ಪಾಠದಂತೆ ಓದುವ ಆ ರೀತಿಯನ್ನು ಮನೀಷಾ ಲಟ್ಟಣಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಮ್ಮಿ, ಇಲ್ಲಿ ನೋಡು" ಎಂದು ಪ್ರಣಿತಾ ಕರೆದಳು. "ಲಗ್ನದಾಗ ಇದ್ದಾಗ ಹುಟ್ಟಿದ ಕೂಸು ಗಂಡಂದೇ ಅಂತ ಕಾನೂನು ಹಿಡೀತದ ಅಂತ ಬರದಾರ. ಹೌದು, ಅವರ ಮಗಳೇ ಅಂತ ಎಲ್ಲೂ ಬರದಿಲ್ಲ."

"ಎರಡೂ ಒಂದೇ ಅಲ್ಲೇನವಾ."

"ಒಂದೇ ಅಲ್ಲ ಮಮ್ಮಿ." ಅವಳು ಪುಟ ಮಡಚಿದಳು. "ಆವಾಗ ತಪಾಸಣಿ ಯಾಕ ಮಾಡ್ಸಲಿಲ್ಲ?"

ತಾನು ತಯಾರಿದ್ದೆ, ಆತ ಕೇಳಲಿಲ್ಲ, ಬೇಕಾಗಿಲ್ಲವೆಂದು ಕೋರ್ಟೂ ಹೇಳಿತು ಎಂದು ಮನೀಷಾ ವಿವರಿಸಿದಳು. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಆಮೇಲೆ, ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೊರಗಿಡುವಂತೆ ಕೇಳಿದಳು.

"ಈಗ ನಿನ್ನ ಲ್ಯಾಬಿನಾಗ ಆಗ್ತದೇನು?"

ಮನೀಷಾ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕಟ್ಟೆಯ ಮೇಲಿಟ್ಟಳು. "ನಾ ಹೇಳಿದ್ದು ನಿಂಗ ಸಾಲೂದಿಲ್ಲೇನು ಪ್ರಣಿತಾ?"

"ನಂಗ ಸಾಲ್ತದ. ಅವರಿಗೆ ಸಾಲೂದಿಲ್ಲ" ಎಂದಳು ಹುಡುಗಿ.

ಅವರು ಎಂದರೆ ಯಾರೆಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಪ್ರಣಿತಾಳ ಡಬ್ಬಿಯಿಂದ ತಿನ್ನುತ್ತಿದ್ದ ಗೆಳತಿಯೊಬ್ಬಳು ಬೇರೆ ಬೆಂಚಿಗೆ ಹೋದಳು. ಇನ್ನೊಬ್ಬಳ ತಾಯಿ ಲ್ಯಾಬಿಗೆ ಬಂದವಳು ಮನೀಷಾಳನ್ನು ಮೇಲಿಂದ ಕೆಳಗೆ ನೋಡಿ, ರಕ್ತ ಕೊಡಲು ಇನ್ನೊಬ್ಬ ಸಹಾಯಕಿ ಬರುವವರೆಗೆ ಕಾದು ಕುಳಿತಳು. ತರಗತಿಯ ವಾಟ್ಸಪ್ ಗುಂಪಿನಲ್ಲಿ ಯಾರೋ ಆ ಎರಡು ಸಾಲಿನ ಚಿತ್ರ ಹಾಕಿ, ಹತ್ತು ನಿಮಿಷಕ್ಕೆ ತೆಗೆದಿದ್ದರು. ಹತ್ತು ನಿಮಿಷ ಸಾಕಾಗಿತ್ತು. ಪ್ರಣಿತಾ ಭಾಷಣ ಸ್ಪರ್ಧೆಗೆ ಹೆಸರು ಕೊಡುವುದನ್ನು ಬಿಟ್ಟಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು, ಅದೂ ಮನೆಯ ಕನ್ನಡ ಬಿಟ್ಟು ಶಾಲೆಯ ಮರಾಠಿಯಲ್ಲಿ.

ಮನೀಷಾ ಆ ತಾಣಕ್ಕೆ ಬರೆದಳು. ಇಂಗ್ಲಿಷಿನ ಅರ್ಜಿಯನ್ನು ತುಂಬಲು ಎರಡು ದಿನ ಬೇಕಾಯಿತು. ತೀರ್ಪುಗಳು ಎಲ್ಲರೂ ಓದಬಹುದಾದ ಸಾರ್ವಜನಿಕ ದಾಖಲೆಗಳು, ಕೋರ್ಟಿನ ಆದೇಶ ತಂದರೆ ಮಾತ್ರ ಹೆಸರು ಮುಚ್ಚುತ್ತೇವೆ ಎಂದು ಅರ್ಧ ತಾಸಿನೊಳಗೆ ಉತ್ತರ ಬಂತು. ಹುಡುಕಿಕೊಡುವ ಕಂಪನಿಗೆ ಬರೆದರೆ, ಆ ಪುಟದವರನ್ನೇ ಕೇಳಿ ಎಂದರು.

ಹಿಂದೆ ದಾವೆ ನಡೆಸಿದ್ದ ರಾಚಯ್ಯ ವಕೀಲರಿಗೆ ಈಗ ಎಪ್ಪತ್ತು ದಾಟಿತ್ತು. ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಮನೀಷಾ ಎಲ್ಲ ಹೇಳಿದಳು. ಅವರು ಕನ್ನಡಕ ಏರಿಸಿ ಅವಳ ಫೋನನ್ನು ಬಹಳ ಹೊತ್ತು ನೋಡಿದರು. ಅರ್ಜಿಯ ಮೇಲೆ ಮಗುವಿನ ಹೆಸರು ಹಾಕಿದ್ದು ತಾವೇ, ಹಾಗೆ ಹಾಕುವುದೇ ಪದ್ಧತಿಯಾಗಿತ್ತು ಎಂದರು.

"ಆವಾಗ ತೀರ್ಪು ಅಂದ್ರ ಕಪಾಟಿನಾಗ ಇರೂ ವಸ್ತು ಇತ್ತು ತಾಯಿ. ಯಾರಿಗೆ ಬೇಕೋ ಅವರು ಅರ್ಜಿ ಹಾಕಿ, ದಾರಿ ಕಾದು ತಗೋತಿದ್ರು. ಹಿಂಗಾಗ್ತದ ಅಂತ ನನ್ನ ಕಲ್ಪನಾಕ್ಕೂ ಬಂದಿದ್ದಿಲ್ಲ."

ಖಾಸಗಿ ಮಾಹಿತಿಯ ರಕ್ಷಣೆಗೆ ಹೊಸ ಕಾನೂನು ಬಂದಿದೆಯಲ್ಲ ಎಂದು ಅವಳು ಕೇಳಿದಳು. ಬಂದಿದೆ, ಕೋರ್ಟಿನ ಕಾಗದಕ್ಕೆ ಅದು ಎಷ್ಟು ಅನ್ವಯಿಸುತ್ತದೋ ಯಾರೂ ಖಚಿತವಾಗಿ ಹೇಳುತ್ತಿಲ್ಲ ಎಂದರು. ದೊಡ್ಡ ಕೋರ್ಟಿಗೇ ಅರ್ಜಿ ಹಾಕಿ, ಹೆಸರು ಮರೆಮಾಡಲು ಕೇಳುವುದೊಂದೇ ದಾರಿ. ಎದುರು ಪಕ್ಷದವನ ಒಪ್ಪಿಗೆಯ ಅಫಿಡವಿಟ್ಟು ಇದ್ದರೆ ಬೇಗ ಆಗುತ್ತದೆ. ಹೇಳಿ ಅವರು ಫೋನನ್ನು ಅವಳ ಕೈಗೆ ಮರಳಿಸಿದರು. ಎದುರು ಪಕ್ಷದವನು ಎಂದರೆ ರವಿಕಾಂತ.

ದೀಪಾವಳಿ ಮುಗಿದ ವಾರ ಮನೀಷಾ ನಿಲಂಗಾದ ಬಸ್ಸು ಹತ್ತಿದಳು. ರಾಚಯ್ಯನವರು ಎರಡು ಕಾಗದ ತಯಾರಿಸಿಕೊಟ್ಟಿದ್ದರು. ಒಂದರಲ್ಲಿ ಹೆಸರು ಮರೆಮಾಡಲು ತನ್ನ ತಕರಾರಿಲ್ಲ ಎಂದಿತ್ತು. ಇನ್ನೊಂದರಲ್ಲಿ, ಅಂದು ಮಾಡಿದ ಆರೋಪ ಸುಳ್ಳು, ಪ್ರಣಿತಾ ತನ್ನ ಮಗಳು ಎಂದು ಎರಡೇ ಸಾಲು ಇತ್ತು, ಮರಾಠಿಯಲ್ಲಿ. ಪರ್ಸಿನೊಳಗೆ, ಯಾರಿಗೂ ಹೇಳದೆ, ಅವಳು ಲ್ಯಾಬಿನಿಂದ ಒಂದು ಸಿರಿಂಜು, ನೇರಳೆ ಮುಚ್ಚಳದ ಒಂದು ಟ್ಯೂಬು ಇಟ್ಟುಕೊಂಡಿದ್ದಳು.

ರವಿಕಾಂತನದು ಬೀಜ-ಗೊಬ್ಬರದ ಅಂಗಡಿ. ಹಿಂಗಾರಿನ ಬಿತ್ತನೆಯ ದಿನಗಳು, ಕಡಲೆ ಬೀಜಕ್ಕೆ, ಜೋಳಕ್ಕೆ ಜನ ಬಂದು ಹೋಗುತ್ತಿದ್ದರು. ಅವಳನ್ನು ನೋಡುತ್ತಲೇ ಗುರುತು ಹಿಡಿದ. ಕೂದಲು ಅರ್ಧ ಹಣ್ಣಾಗಿತ್ತು. ಎದ್ದು ನಿಂತು, ಏನು ಹೇಳಬೇಕೋ ತಿಳಿಯದೆ, ಚಹಾ ತರಿಸಲೇ ಎಂದ. ಬೇಡವೆಂದಳು. ಒಳಗಿನ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಅಲ್ಲಿನ ಘಾಟಿಗೆ ಅವಳ ಕಣ್ಣು ಉರಿಯತೊಡಗಿದವು, ಅಳುತ್ತಿದ್ದಾಳೆಂದು ಆತ ತಿಳಿದಾನೆಂದು ಅವಳಿಗೆ ಸಂಕೋಚವಾಯಿತು.

ಶಾಲೆಯಲ್ಲಿ ನಡೆದದ್ದನ್ನು ಹೇಳಿ, ಪುಟದ ಪ್ರತಿಯನ್ನು ಅವನ ಕೈಗೆ ಕೊಟ್ಟಳು. ಅವನು ಓದುತ್ತ ಕುರ್ಚಿಯಲ್ಲೇ ಕುಗ್ಗಿದಂತೆ ಕಂಡ.

"ಇದು ವಕೀಲ ಬರದಿದ್ದು. ಹಿಂಗ ಬರದ್ರ ಕೇಸು ಗಟ್ಟಿ ಆಗ್ತದ ಅಂದ. ಇಂಗ್ಲಿಷಿನಾಗ ಇತ್ತು. ನಾ ಸಹಿ ಮಾಡ್ದೆ."

"ಓದಿರಲಿಲ್ಲೇನ್ರಿ?"

ಅವನು ಪ್ರತಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಹೊರಗೆ ಯಾರೋ ಬೀಜದ ಹೆಸರು ಹೇಳಿ ಕೂಗುತ್ತಿದ್ದರು. "ಓದಿ ಹೇಳಿದ್ದ" ಎಂದ. "ಗೊತ್ತಿತ್ತು."

"ನೀವು ಅದನ್ನ ನಂಬಿದ್ರೇನು?"

"ಇಲ್ಲ ಮನೀಷಾ. ಆಕಿ ನನ್ನ ಮಗಳೇ. ನನಗ ಆವಾಗೂ ಗೊತ್ತಿತ್ತು, ಈಗೂ ಗೊತ್ತದ. ಆಕಿ ಹುಟ್ಟಿದ ದಿನ ನಾನೇ ಎತ್ಕೊಂಡೀನಿ."

ಹದಿನಾಲ್ಕು ವರ್ಷದಿಂದ ಈ ಮಾತಿಗಾಗಿ ತಾನು ಕಾದಿದ್ದೆನೆಂದು ಅವಳಿಗೆ ಆಗ ತಿಳಿಯಿತು. ಅದು ಎಷ್ಟು ಸರಳವಾಗಿ ಬಂತೆಂದರೆ, ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಎರಡೂ ಕಾಗದಗಳನ್ನು ಮುಂದೆ ಹಿಡಿದಳು. ಮೊದಲನೆಯದನ್ನು ಅವನು ಓದದೆಯೇ ಸಹಿ ಮಾಡಿದ. ಎರಡನೆಯದನ್ನು ಎರಡು ಸಲ ಓದಿದ. ಪೆನ್ನಿನ ಮುಚ್ಚಳ ಹಾಕಿದ.

"ಇದು ಬ್ಯಾಡ."

"ಖರೇ ಮಾತೇ ಅಲ್ಲೇನ್ರಿ ಇದು? ಈಗ ನೀವೇ ಹೇಳಿದ್ರಿ."

"ಖರೇನೇ. ಆದ್ರ ಇದೂ ಕೋರ್ಟಿಗೆ ಹೋಗ್ತದ. ನಾಳಿಗಿ ಇದೂ ಹಿಂಗೇ ನೆಟ್ ಮ್ಯಾಲ ಬರ್ತದ, ನನ್ನ ಹೆಸರು ಹಚ್ಚಿ." ಅವನು ಅವಳ ಕಡೆ ನೋಡಲಿಲ್ಲ. "ನನಗ ಎರಡು ಗಂಡಸು ಮಕ್ಕಳವ. ದೊಡ್ಡಾಂವ ಐದನೇ ಕ್ಲಾಸು. ಅವೂ ಒಂದಿನ ಅಪ್ಪನ ಹೆಸರು ಹುಡುಕಿ ನೋಡ್ತಾವ."

ಮನೀಷಾ ಪರ್ಸಿನ ಜಿಪ್ಪಿನ ಮೇಲೆ ಕೈಯಿಟ್ಟಿದ್ದಳು. ಕೇಳಿದರೆ ತೋಳು ಮುಂದೆ ಮಾಡುತ್ತಿದ್ದನೇನೋ. ಒಂದು ನಿಮಿಷದ ಕೆಲಸ, ಅವಳ ಕೈಗೆ ದಿನಕ್ಕೆ ಐವತ್ತು ಸಲ ಅಭ್ಯಾಸವಾದದ್ದು. ಆದರೆ ಆ ಟ್ಯೂಬನ್ನು ಹೊರಗೆ ತೆಗೆದರೆ, ತಪಾಸಣೆ ಮಾಡಬೇಕಾದಂಥದ್ದು ಏನೋ ಇತ್ತೆಂದು ತಾನೇ ಒಪ್ಪಿದಂತಾಗುತ್ತಿತ್ತು. ಎರಡು ಕೋರ್ಟುಗಳ ಮುಂದೆ ತಲೆಯೆತ್ತಿ ನಿಂತವಳಿಗೆ ಈ ಗೊಬ್ಬರದ ಚೀಲಗಳ ನಡುವೆ ಅದು ಆಗಲಿಲ್ಲ. ಜಿಪ್ಪು ತೆಗೆಯದೆ ಎದ್ದಳು. ಹೊಸ್ತಿಲವರೆಗೆ ಬಂದ ಅವನು, ಆಕೆ ಓದುವುದರಲ್ಲಿ ಹೇಗಿದ್ದಾಳೆ ಎಂದು ಕೇಳಿದ. ಮನೀಷಾ ರಸ್ತೆ ದಾಟಿದಳು.

ಕಾಸಾರ ಶಿರಸಿ ದಾಟಿದ ಮೇಲೆ ಬಸ್ಸಿನಲ್ಲಿ ಅವಳಿಗೆ ಹೊಳೆಯಿತು. ಫೋನು ಪರ್ಸಿನಲ್ಲೇ ಇತ್ತು. ಅವನ ಮಾತನ್ನು ಮುದ್ರಿಸಿಕೊಳ್ಳಬಹುದಾಗಿತ್ತು. ಅವಳಿಗೆ ಆ ವಿಚಾರವೇ ಬಂದಿರಲಿಲ್ಲ. ಮರುದಿನ ಲ್ಯಾಬಿಗೆ ಹೋಗಿ ಟ್ಯೂಬನ್ನೂ ಸಿರಿಂಜನ್ನೂ ಕಸದ ಕೆಂಪು ಚೀಲಕ್ಕೆ ಹಾಕಿದಳು.

ಅದಕ್ಕೂ ಮೊದಲು, ಅಂದು ಸಂಜೆಯೇ, ಮಗಳನ್ನು ಹತ್ತಿರ ಕೂಡಿಸಿಕೊಂಡು ನಿಲಂಗಾದಲ್ಲಿ ನಡೆದದ್ದನ್ನು ಹೇಳಿದ್ದಳು. ನಿನ್ನ ಅಪ್ಪ ಒಪ್ಪಿಕೊಂಡರು, ನನ್ನ ಮಗಳೇ ಎಂದು ಬಾಯಿಬಿಟ್ಟು ಹೇಳಿದರು ಎಂದಾಗ ಪ್ರಣಿತಾ ಕಣ್ಣೆತ್ತಿ ನೋಡಿದಳು. ಬಹಳ ದಿನಗಳ ಮೇಲೆ ಆ ಕಣ್ಣಲ್ಲಿ ಬೆಳಕು ಬಂದಿತ್ತು.

"ಬರದು ಕೊಟ್ರೇನು?"

"ಇಲ್ಲವಾ."

"ರೆಕಾರ್ಡ್ ಮಾಡ್ಕೊಂಡೀ ಏನು?"

"ಇಲ್ಲ. ನೆನಪಾಗಲಿಲ್ಲ."

"ಮತ್ತ್ಯಾರರೇ ಇದ್ರೇನು ಅಲ್ಲಿ?"

ಇಲ್ಲವೆಂದು ಮನೀಷಾ ತಲೆಯಾಡಿಸಿದಳು. ಹುಡುಗಿ ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಕೈ ಹಿಡಿದು, "ಆಯ್ತು ಬಿಡು ಮಮ್ಮಿ, ಸಾಕು" ಎಂದಳು. ಬಿದ್ದು ಅಳುವ ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು. ತನ್ನ ಸಮಾಧಾನಕ್ಕೆಂದು ತಾಯಿ ಈ ಮಾತನ್ನು ಕಟ್ಟಿದ್ದಾಳೆಂದು ಹುಡುಗಿ ತಿಳಿದಿದ್ದಾಳೆ, ಅದಕ್ಕಾಗಿ ತಾಯಿಯನ್ನು ಮನ್ನಿಸುತ್ತಿದ್ದಾಳೆ ಎಂದು ಮನೀಷಾಳಿಗೆ ಅರ್ಥವಾಯಿತು. ಕೋರ್ಟಿನ ಕಟಕಟೆಯಲ್ಲಿ ಆಗದ ನೋವು ಅವಳಿಗೆ ಅಂದು ಆಯಿತು. ಆಣೆ ಮಾಡಿ ಹೇಳಬೇಕೆನಿಸಿತು. ಮಗಳ ಮುಂದೆ ಆಣೆ ಹಾಕುವ ಹೊತ್ತು ಬಂತಲ್ಲ ಎಂದು ಎದ್ದು ಹೋಗಿ ಒಲೆ ಹಚ್ಚಿದಳು.

ಆದೇಶ ಏಪ್ರಿಲ್ ತಿಂಗಳಲ್ಲಿ ಬಂತು. ಹೆಸರುಗಳನ್ನು ಮರೆಮಾಡಬೇಕೆಂದು ದೊಡ್ಡ ಕೋರ್ಟು ಹೇಳಿತು. ಆ ತಾಣದವರೂ ಮಾತಿಗೆ ತಪ್ಪಲಿಲ್ಲ, ಒಂದು ವಾರದಲ್ಲಿ ಮನೀಷಾ ಇದ್ದಲ್ಲಿ ಎಕ್ಸ್, ಪ್ರಣಿತಾ ಇದ್ದಲ್ಲಿ ವೈ ಎಂದು ಮಾಡಿದರು. ರಾಚಯ್ಯನವರು ಫೋನು ಮಾಡಿ ಸಂತೋಷದಿಂದ ಹೇಳಿದರು. ಆದರೆ ಅಷ್ಟರಲ್ಲಿ ಅದೇ ತೀರ್ಪನ್ನು ಎತ್ತಿಟ್ಟುಕೊಂಡಿದ್ದ ಇನ್ನೂ ಮೂರು ತಾಣಗಳು ಸಿಕ್ಕಿದವು. ಅವುಗಳಲ್ಲಿ ಒಂದಕ್ಕೆ ವಿಳಾಸವೂ ಇರಲಿಲ್ಲ, ಬರೆಯಲು ಅರ್ಜಿಯೂ ಇರಲಿಲ್ಲ. ಸಾರಾಂಶ ಹೇಳುವ ಯಂತ್ರವನ್ನು ಕೇಳಿದರೆ, ಅದು ಈಗಲೂ ಹೇಳುತ್ತಿತ್ತು. ಅದು ಎಲ್ಲಿಂದ ಓದಿತ್ತೆಂದು ತೋರಿಸುತ್ತಿರಲಿಲ್ಲವಾದ್ದರಿಂದ ಯಾರನ್ನು ಹಿಡಿಯಬೇಕೆಂದು ರಾಚಯ್ಯನವರಿಗೂ ತಿಳಿಯಲಿಲ್ಲ.

ಪ್ರಣಿತಾ ತೊಂಬತ್ನಾಲ್ಕು ಪ್ರತಿಶತ ಪಡೆದು ಪಾಸಾದಳು. ಶಾಲೆಯವರು ಊರಲ್ಲೆಲ್ಲ ಹಚ್ಚುವ ಬ್ಯಾನರಿನಲ್ಲಿ ಮೊದಲ ಐವರ ಫೋಟೋ, ಪೂರ್ತಿ ಹೆಸರು ಹಾಕುವ ರೂಢಿ. ತನ್ನದು ಬೇಡವೆಂದು ಅವಳೇ ಹೋಗಿ ಹೇಳಿ ಬಂದಳು. ಆಮೇಲೆ ಒಂದು ದಿನ, ಹೆಸರು ಬದಲಿಸಿಕೊಂಡರೆ ಹೇಗೆ ಎಂದು ಕೇಳಿದಳು. ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಹಾಕಿ ಹುಡುಕಿ ನೋಡಿದ್ದಳಂತೆ. "ಏನೂ ಬರೂದಿಲ್ಲ ಮಮ್ಮಿ" ಎಂದಳು, ಅಪರೂಪಕ್ಕೆ ನಗುತ್ತ. ಆಸೆಯಿಂದ ಇಬ್ಬರೂ ರಾಚಯ್ಯನವರ ಹತ್ತಿರ ಹೋದರು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಬದಲಿಸಬಹುದು, ಆದರೆ ಸರ್ಕಾರದ ಗೆಜೆಟ್ಟಿನಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಅಕ್ಕಪಕ್ಕ ಅಚ್ಚಾಗುತ್ತವೆ. ಗೆಜೆಟ್ಟೂ ಈಗ ಇಂಟರ್ನೆಟ್ಟಿನಲ್ಲೇ ಇರುತ್ತದೆ ಎಂದರು. ಪ್ರಣಿತಾ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಉಮರ್ಗಾದಲ್ಲಿ ಓದುವುದಿಲ್ಲ, ಉದಗೀರದ ಕಾಲೇಜಿಗೆ ಹೋಗಿ ಹಾಸ್ಟೆಲಿನಲ್ಲಿರುತ್ತೇನೆ ಎಂದಳು. ಅಲ್ಲಿ ತನ್ನನ್ನು ಬಲ್ಲವರಿಲ್ಲ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜುಲೈಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ತಾಯಿ ಮಗಳು ಉದಗೀರದ ಬಸ್ಸು ಹತ್ತಿದರು. ಬಸ್ಸು ನಿಲಂಗಾದ ಮೇಲೆಯೇ ಹೋಗುತ್ತಿತ್ತು. ನಿಲ್ದಾಣದಲ್ಲಿ ಹದಿನೈದು ನಿಮಿಷ ನಿಂತಿತು. ಸಣ್ಣ ಮಳೆ ಹನಿಯುತ್ತಿತ್ತು. ಡ್ರೈವರನೂ ಕಂಡಕ್ಟರನೂ ಚಹಾಕ್ಕೆ ಇಳಿದರು. ಕಿಟಕಿಯ ಪಕ್ಕದಲ್ಲಿದ್ದ ಪ್ರಣಿತಾ ಹೊರಗೆ ನೋಡುತ್ತಲೇ ಮಾತಾಡಿದಳು.

"ಅವರ ಅಂಗಡಿ ಆ ಸಂದಿಯಾಗ ಹೋಗಿ ಬಲಕ್ಕ ಅದ, ಅಲ್ಲೇನು?"

ನಿನಗೆ ಹೇಗೆ ಗೊತ್ತು ಎಂದು ಮನೀಷಾ ಕೇಳಿದಳು.

"ಸೂಟಿಯಾಗ ಔರಾದಕ್ಕ ಹೋಗಿದ್ದೆನಲ್ಲ. ಗೆಳತಿ ಮನಿಗಿ ಹೋಗಿ ಬರ್ತೀನಿ ಅಂತ ಅಜ್ಜಗ ಹೇಳಿ, ಇಲ್ಲಿಗಿ ಬಂದಿದ್ದೆ."

ಮನೀಷಾ ಮಗಳ ಕಡೆ ತಿರುಗಿದಳು. ಹುಡುಗಿ ಅವಸರವಿಲ್ಲದೆ ಹೇಳಿದಳು. ಸೋಯಾಬೀನ್ ಬೀಜಕ್ಕೆ ಗದ್ದಲವಿತ್ತು. ರೈತರ ನಡುವೆ ಅರ್ಧ ತಾಸು ನಿಂತಳು. ಅವನು ಬಿಲ್ಲು ಬರೆಯುತ್ತ ಕುಳಿತಿದ್ದ. ಅವನ ಮೂಗು, ಕಿವಿ, ಹಣೆ, ಬೆರಳುಗಳನ್ನು ನೋಡಿದಳು. ಪಕ್ಕದ ಗಾಜಿನ ಕಪಾಟಿನಲ್ಲಿ ತನ್ನ ಮುಖ ಕಾಣುತ್ತಿತ್ತು, ಅದನ್ನೂ ನೋಡಿದಳು.

"ತಿಳೀಲಿಲ್ಲ ಮಮ್ಮಿ. ಒಮ್ಮೆ ಹಂಗೇ ಕಂಡಂಗ ಆಯ್ತು. ಮತ್ತ ನೋಡಿದ್ರ ಬ್ಯಾರೇನೇ ಕಂಡ್ರು."

"ನಿನ್ನ ನೋಡಿದ್ರೇನು?"

"ನೋಡಿದ್ರು. ನಿಂಗೇನು ಬೇಕವಾ ಅಂತ ಕೇಳಿದ್ರು." ಪ್ರಣಿತಾ ಕಿಟಕಿಯ ಸರಳಿನ ಮೇಲಿನ ಹನಿಯನ್ನು ಬೆರಳಿನಿಂದ ಒರೆಸಿದಳು. "ಮೆಂತೆ ಬೀಜ ಅಂದೆ. ಪಾಕೀಟು ಕೊಟ್ರು. ಬಂದುಬಿಟ್ಟೆ."

ಕಂಡಕ್ಟರ ಎರಡು ಗಂಟೆ ಹೊಡೆದ. ಬಸ್ಸು ಹೊರಟಿತು. ದೇವಣಿ ಬಂತು. ಅಲ್ಲಿಂದ ಮುಂದೆ ಪ್ರಣಿತಾಗೆ ನಿದ್ದೆ ಹತ್ತಿ, ತಲೆ ತಾಯಿಯ ಭುಜದ ಮೇಲೆ ವಾಲಿತು. ಉದಗೀರದವರೆಗೆ ಮನೀಷಾ ತೋಳು ಅಲುಗಿಸಲಿಲ್ಲ.

ಹಾಸ್ಟೆಲಿನಲ್ಲಿ ಹಾಸಿಗೆ ಹಾಸಿ, ಟ್ರಂಕಿಗೆ ಕೀಲಿ ಹಾಕಿಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಅವಳು ಮರಳಿದಳು. ಪಕ್ಕದಲ್ಲಿ ಔರಾದದ ಕಡೆಯ ಒಬ್ಬ ಮುದುಕಿ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೊಪ್ಪಿನ ಚೀಲ. ಮನೀಷಾ ಕಣ್ಣೊರೆಸಿಕೊಳ್ಳುವುದನ್ನು ಕಂಡು, ಯಾಕವ್ವಾ ಎಂದು ಕನ್ನಡದಲ್ಲೇ ವಿಚಾರಿಸಿದಳು. ಮಗಳನ್ನು ಓದಲು ಬಿಟ್ಟು ಬಂದೆ ಎಂದಳು ಮನೀಷಾ. ಒಬ್ಬಳೇ ಮಗಳೇನು ಎಂದು ಮುದುಕಿ ಕೇಳಿದಳು. ಒಬ್ಬಳೇ.

"ಚಲೋ ಆಯ್ತು ಬಿಡು, ಓದಲಿ. ಏನು ಹೆಸರು ಕೂಸಿಂದು?"

ಮನೀಷಾ ಬಾಯಿ ತೆರೆದಳು. ಮುದುಕಿಯ ಬಳಿ ಫೋನು ಕೂಡ ಇದ್ದಂತೆ ಕಾಣಲಿಲ್ಲ. ಬರೀ ಅಕ್ಕರೆಯಿಂದ ಕೇಳಿದ್ದಳು, ಉತ್ತರಕ್ಕಾಗಿ ಮುಖ ನೋಡುತ್ತಿದ್ದಳು.

"ಸ್ವಪ್ನಾಲಿ" ಎಂದಳು ಮನೀಷಾ.

ಹೆಸರು ಚಂದ ಅದ ಎಂದು ಹೇಳಿ ಮುದುಕಿ ಚೀಲವನ್ನು ಕಾಲ ಬಳಿ ಸರಿಸಿಕೊಂಡಳು.